ಮುಖಕ್ಕ 50 ಕೆಬಿ, ಮದುವಿಗಿ 2 ಜಿಬಿ

ಬೀದರ ಹತ್ತಿರದ ನೌಬಾದದ ಯಾವ ಫೋಟೋ ಸ್ಟುಡಿಯೋಕ್ಕಾದರೂ ಹೋಗಿ ಕೂಡ್ರಿ, ಅರ್ಧ ತಾಸಿನೊಳಗೆ ಎರಡು ನಮೂನೆಯ ಗಿರಾಕಿ ಬರುತ್ತಾರೆ. ಒಬ್ಬ ಔರಾದ ಕಡೆಯಿಂದ ಬಸ್ಸಿಳಿದು ಓಡಿ ಬಂದವ: "ಅಣ್ಣಾ, ಫೋಟೋ 50 ಕೆಬಿ ಒಳಗ ಕೂಡಬೇಕು, ಇವತ್ತ ಲಾಸ್ಟ್ ಡೇಟ್ ಅದ!" ಇನ್ನೊಬ್ಬರು ಭಾಲ್ಕಿ ಕಡೆಯ ಮದುವೆ ಮನೆಯವರು: "ಎಷ್ಟರ ಎಂಬಿ ಆಗ್ಲಿ ಬಿಡ್ರಿ, ಸೀರಿ ಜರಿ ಎಳಿ ಎಣಸಂಗ ಬರಬೇಕು ನೋಡ್ರಿ." ಒಂದಿಷ್ಟು ದಿನ ತಡೆದರೆ ಆ ಮೊದಲನೆಯವನೇ ಎರಡನೆಯವರ ಅಳಿಯನಾಗಿ ಅದೇ ಕುರ್ಚಿಯಲ್ಲಿ ಬಂದು ಕೂತಿರುತ್ತಾನೆ. ಮುಖ ಅದೇ, ಮೂಗು ಅದೇ. ನೌಕರಿ ಕೇಳುವಾಗ 50 ಕೆಬಿಯೊಳಗೆ ಮುದುಡಿ ಕೂತದ್ದು, ಹೆಣ್ಣು ಗೊತ್ತಾದ ಕೂಡಲೇ 2 ಜಿಬಿಗೆ ಉಬ್ಬುತ್ತದೆ.

ಮೊದಲು ನೌಕರಿಯ ಮಾತು. ಬ್ಯಾಂಕ್ ಪರೀಕ್ಷೆ ನಡೆಸುವ ಐಬಿಪಿಎಸ್ ಕೇಳುವ ಫೋಟೋ 200ಕ್ಕೆ 230 ಪಿಕ್ಸೆಲ್, ತೂಕ 20ರಿಂದ 50 ಕೆಬಿ. ಎಡಗೈ ಹೆಬ್ಬೆಟ್ಟಿನ ಗುರುತು 240ಕ್ಕೆ 240. ಗುಣಿಸಿ ನೋಡಿ: ಮುಖಕ್ಕೆ 46,000 ಚುಕ್ಕೆ, ಹೆಬ್ಬೆಟ್ಟಿಗೆ 57,600! ಕೈಬರಹದ ಘೋಷಣೆಗಂತೂ 800ಕ್ಕೆ 400, ಅಂದರೆ ಹೆಚ್ಚೂಕಮ್ಮಿ ಏಳು ಮುಖ ಕೂಡುವಷ್ಟು ಜಾಗ. ನಮ್ಮ ಹಿರಿಯರನ್ನು ಕೇಳಿದರೆ ಇದರಲ್ಲೇನೂ ಸೋಜಿಗವಿಲ್ಲ: "ಬ್ಯಾಂಕಿನವ್ರು ಯಾವತ್ತು ಮಾರಿ ನೋಡ್ಯಾರಪಾ? ಮೊದಲಿಂದ ಹೆಬ್ಬೆಟ್ಟೇ ನೋಡ್ಕೋತ ಬಂದಾರ."

ಇಲ್ಲಿ ಹುಡುಗರು ಮಾಡುವ ಎಡವಟ್ಟು ಒಂದೇ ನಮೂನೆಯದು. ಚಿತ್ರದ ತೂಕ ಎರಡು ಕಡೆಯಿಂದ ಇಳಿಯುತ್ತದೆ: ಚುಕ್ಕೆಗಳ ಸಂಖ್ಯೆ ಕಡಿಮೆ ಮಾಡಬಹುದು, ಇಲ್ಲವೆ ಜೆಪೆಗ್‌ನ ಕ್ವಾಲಿಟಿ ತಗ್ಗಿಸಬಹುದು. ಮೊದಲು ಕತ್ತರಿಸಿ ಅಳತೆಗೆ ತರಬೇಕು, ಕ್ವಾಲಿಟಿಗೆ ಕೈ ಹಚ್ಚುವುದು ಆಮೇಲೆ. ಇವರು 6000ಕ್ಕೆ 4000 ಪಿಕ್ಸೆಲ್ಲಿನ ಫೋಟೋವನ್ನು ಇದ್ದಂತೆಯೇ ಇಟ್ಟು ಕ್ವಾಲಿಟಿಯನ್ನು ತಳ ಮುಟ್ಟಿಸುತ್ತಾರೆ. ಜೆಪೆಗ್ ಚಿತ್ರವನ್ನು ಎಂಟಕ್ಕೆ ಎಂಟು ಚುಕ್ಕೆಯ ಚೌಕಗಳಾಗಿ ಒಡೆದು, ಪ್ರತಿ ಚೌಕದಲ್ಲೂ ಕಣ್ಣಿಗೆ ಬೇಡವೆನಿಸಿದ ಸೂಕ್ಷ್ಮವನ್ನು ಬಿಸಾಡುತ್ತದೆ. ಅತಿಯಾಗಿ ಒತ್ತಿದರೆ ಬೇಕಾದದ್ದೂ ಹೋಗುತ್ತದೆ. ಅರ್ಜಿಯಲ್ಲಿ ಗುರುತಿನ ಚಿಹ್ನೆ "ಬಲಗಲ್ಲದ ಮೇಲೆ ಮಚ್ಚೆ" ಅಂತ ಬರೆದಿರುತ್ತಾನೆ. ಫೋಟೋದ ಗಲ್ಲದ ಮೇಲೆ ಚೌಕಗಳಷ್ಟೇ ಉಳಿದಿರುತ್ತವೆ, ಮಚ್ಚೆಯನ್ನು ಜೆಪೆಗ್ ನುಂಗಿರುತ್ತದೆ. ಇನ್ನು ಕೆಲವರು ಮೊಬೈಲಿನಲ್ಲಿ ಒತ್ತಿ ಒತ್ತಿ 9 ಕೆಬಿಗೆ ಇಳಿಸಿ, 20ಕ್ಕಿಂತ ಕಡಿಮೆ ನಡೆಯುವುದಿಲ್ಲ ಅಂತ ಕಂಪ್ಯೂಟರ್ ಬೈದಾಗ ಓಡಿ ಬರುತ್ತಾರೆ: "ಅಣ್ಣಾ, ಹನ್ನೊಂದ್ ಕೆಬಿ ಹಾಕಿ ಕೊಡ್ರಿ." ಹಾಕಿಯೂ ಕೊಡುತ್ತಾರೆ, ಹೋದ ಮಚ್ಚೆ ಮಾತ್ರ ತಿರುಗಿ ಬರುವುದಿಲ್ಲ.

ಈಗ ಮದುವೆ. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಒಂದು ಚಿತ್ರ ಫೋಟೋಶಾಪಿನಲ್ಲಿ ಬಿಚ್ಚಿಕೊಂಡರೆ 72 ಎಂಬಿ. ಯೂಟ್ಯೂಬ್ ನೋಡಿ ಕಲಿತ ಹುಡುಗ 16 ಬಿಟ್ ಮಾಡಿದನೋ, 144. ಕರಿಜ್ಮಾ ಆಲ್ಬಮ್ಮಿನ ಒಂದು ಹಾಳೆ 12ಕ್ಕೆ 36 ಇಂಚು. ಇಂಚಿಗೆ 300ರಂತೆ 3,600ಕ್ಕೆ 10,800 ಚುಕ್ಕೆ, ಅಂದರೆ 3 ಕೋಟಿ 88 ಲಕ್ಷ. ಹಾಳೆ ತುಂಬುವ ಲೇಯರು ಒಂದಕ್ಕೆ ಸುಮಾರು 117 ಎಂಬಿ, ಅದೂ ಎಂಟೇ ಬಿಟ್ಟಿನಲ್ಲಿ. ಮತ್ತೆ ನಮ್ಮಲ್ಲಿ ಒಂದೇ ಲೇಯರಿಗೆ ಯಾರ ಮನಸ್ಸು ತುಂಬುತ್ತದೆ? ಹಿಂದೆ ಬೀದರ ಕೋಟೆ, ಕೋಟೆಯ ಮೇಲೆ ಗುಲಾಬಿ, ಗುಲಾಬಿಯ ಮೇಲೆ ಚಿಟ್ಟೆ, ಮಗ್ಗುಲಿಗೊಂದು ಹೃದಯ, ಹೃದಯದೊಳಗೆ ಗಂಡು ಹೆಣ್ಣು, ಕೆಳಗೆ ಸ್ಪೆಲಿಂಗ್ ತಪ್ಪಿದ ಇಂಗ್ಲಿಷ್ ಪ್ರೇಮವಾಕ್ಯ. 2 ಜಿಬಿ ದಾಟಿತೆಂದರೆ ಫೋಟೋಶಾಪಿನ ಪಿಎಸ್‌ಡಿ ಫೈಲು ಕೈ ಎತ್ತುತ್ತದೆ, ದೊಡ್ಡ ಫೈಲಿಗಂತಲೇ ಇರುವ ಪಿಎಸ್‌ಬಿ ಮಾಡಬೇಕು. ಲ್ಯಾಪ್‌ಟಾಪಿನ ಫ್ಯಾನು ಆ ಹೊತ್ತಿಗೆ ಏರ್‌ಫೋರ್ಸಿನ ಸೂರ್ಯಕಿರಣ ವಿಮಾನದಂತೆ ಸದ್ದು ಮಾಡತೊಡಗಿ, ಹೊರಗೆ ನಿಂತವರು ಮುಗಿಲು ನೋಡುತ್ತಾರೆ. ಅಷ್ಟರಲ್ಲಿ "ಸ್ಕ್ರ್ಯಾಚ್ ಡಿಸ್ಕ್ ಫುಲ್" ಅಂತ ಪರದೆ ಹೇಳುತ್ತದೆ. ಮೆಮೊರಿ ಸಾಲದಾದಾಗ ಫೋಟೋಶಾಪ್ ಡಿಸ್ಕಿನ ಖಾಲಿ ಜಾಗವನ್ನೇ ಕಡ ತಂದು ಕೆಲಸ ನಡೆಸುತ್ತದೆ, ಈಗ ಅದೂ ಮುಗಿದಿದೆ. ಹುಡುಗ ಹಿಂದುಮುಂದು ನೋಡದೆ ಹೋದ ವರ್ಷದ ಯಾರದೋ ಮದುವೆಯನ್ನು ಅಳಿಸಿ ಜಾಗ ಮಾಡುತ್ತಾನೆ.

ಕ್ಯಾಮೆರಾ ಒಂದೇ ಆದರೂ ಜೆಪೆಗ್‌ನ ತೂಕ ಒಂದೇ ಇರುವುದಿಲ್ಲ, ಇದು ನನಗೆ ಬಹಳ ಹಿಡಿಸಿದ ಸಂಗತಿ. ಕೋಟೆಯ ಮೇಲಿನ ಬೋಳು ನೀಲಿ ಆಕಾಶ ಹಗುರ. ಅದೇ ಕೋಟೆಯ ತೂತುತೂತಾದ ಕೆಂಪು ಜಂಬಿಟ್ಟಿಗೆ ಗೋಡೆ ಭಾರ. ಅಷ್ಟೂರಿನ ಗುಂಬಜಗಳ ಮುಂದೆ ಜೋಡಿಯನ್ನು ನಿಲ್ಲಿಸಿ ಹುಲ್ಲುಬಯಲನ್ನು ಮಸುಕು ಮಾಡಿದರೆ ಹಗುರ. ಅಲ್ಲಿ ಅಹ್ಮದ್ ಶಾ ಸಮಾಧಿಯ ಒಳಮಾಳಿಗೆಯ ಬಣ್ಣದ ಚಿತ್ತಾರವನ್ನು ತೆಗೆದರೆ ಭಾರ. ಕತ್ತಲಿನ ಫೋಟೋ ಹಗುರ ಇದ್ದೀತು ಅಂತ ತಿಳಿದರೆ ಕೆಟ್ಟಿರಿ. ರಾತ್ರಿಯ ಮೆರವಣಿಗೆಯಲ್ಲಿ ಐಎಸ್ಒ 6400ಕ್ಕೆ ಏರಿಸಿ ಹೊಡೆದ ಚಿತ್ರದ ತುಂಬ ಕಾಳುಕಾಳು ಗದ್ದಲ. ಜೆಪೆಗ್‌ಗೆ ಅದು ಗದ್ದಲವೋ ಜರಿಯೋ ಗೊತ್ತಾಗುವುದಿಲ್ಲ, ಪಾಪ, ಎಲ್ಲವನ್ನೂ ಕಾಪಾಡಲು ಹೆಣಗುತ್ತದೆ.

ಇಷ್ಟೆಲ್ಲ ಜಿಬಿ ಸುರಿದ ಮೇಲೆ ಮದುಮಗನ ಕಾಕಾ ಬಂದು ತೀರಿಹೋದ ಅಜ್ಜನ ಫೋಟೋ ವಾಟ್ಸಪ್ಪಿನಲ್ಲಿ ಕಳಿಸುತ್ತಾರೆ: ಯಾರದೋ ಡಿಪಿ, 40 ಕೆಬಿ. "ಇದನ್ನ ಮೊದಲನೇ ಹಾಳಿ ಪೂರಾ ಮಾಡ್ರಿ, ಅಜ್ಜ ನಗಲತ್ತಿರ್ಬೇಕು." ಅಜ್ಜ ನಗುವುದಿರಲಿ, ಕಣ್ಣು ಎಲ್ಲಿ ಮುಗಿದು ಮೀಸೆ ಎಲ್ಲಿ ಶುರುವಾಯಿತೆಂದು ಹೇಳುವವರಿಲ್ಲ. ಗೋಡೆಯ ಮೇಲಿನ ಫ್ರೇಮನ್ನೇ ಇಳಿಸಿಕೊಂಡು ಬನ್ನಿ, ಸ್ಕ್ಯಾನ್ ಮಾಡುತ್ತೇವೆ ಅಂದರೆ "ಫ್ರೇಮ್ ಇಳಸಬಾರದ್ರಿ, ಮನ್ಯಾಗ ಶುಭಕಾರ್ಯ" ಅನ್ನುತ್ತಾರೆ.

ತಿಳಿದ ಸ್ಟುಡಿಯೋದವರ ರೀತಿ ಆ ಯೂಟ್ಯೂಬ್ ಹುಡುಗನ ರೀತಿಗೆ ತೀರ ಉಲ್ಟಾ. ಅವರು ಒಳಗೆ ಭಾರವನ್ನು ಹಾಗೇ ಇಡುತ್ತಾರೆ, ಬಾಗಿಲು ದಾಟುವಾಗಷ್ಟೇ ಇಳಿಸುತ್ತಾರೆ. ಕ್ಯಾಮೆರಾದ ರಾ ಫೈಲನ್ನು ಮುಟ್ಟುವುದಿಲ್ಲ; ಲೈಟ್‌ರೂಮಿನಲ್ಲಿ ತಿದ್ದಿದ ಲೆಕ್ಕ ಬೇರೆ ಕಡೆಯೇ ಕೂತಿರುತ್ತದೆ. ಬಣ್ಣ ತಿದ್ದುವಾಗ 16 ಬಿಟ್, ಮುಗಿದ ಮೇಲೆ ಎಂಟು; ಲ್ಯಾಬಿಗೆ ಹೋಗುವ ಜೆಪೆಗ್‌ಗೆ ಹೇಗೂ ಎಂಟಕ್ಕಿಂತ ಹೆಚ್ಚು ಗೊತ್ತಿಲ್ಲ. ಫೋಟೋಶಾಪಿನ ಕ್ವಾಲಿಟಿ 12ರ ಬದಲು 10 ಇಟ್ಟರೆ ತೂಕ ಸುಮಾರು ಅರ್ಧಕ್ಕೆ ಬರುತ್ತದೆ, ಜರಿಯ ಎಳೆ ಎಣಿಸಲು ಕೂತವರಿಗೂ ವ್ಯತ್ಯಾಸ ಸಿಗುವುದಿಲ್ಲ. ಮೊಬೈಲಿಗೆ ಬೇರೆ ಸಣ್ಣ ಪ್ರತಿ, ಅರ್ಜಿಗೆ ಇನ್ನೂ ಸಣ್ಣದು. ಪ್ರತಿಸಲವೂ ಮೂಲದಿಂದಲೇ ಇಳಿಸಬೇಕು. ಇಳಿಸಿದ್ದನ್ನೇ ಮತ್ತೆ ಇಳಿಸಿ ಸೇವ್ ಮಾಡುತ್ತ ಹೋದರೆ ಸಲಕ್ಕಿಷ್ಟು ಮೂಗು ಸವೆಯುತ್ತದೆ.

ಲೇಯರುಗಳಿರುವ ಆ ಭಾರದ ಪಿಎಸ್‌ಡಿಯನ್ನು ಮಾತ್ರ ಅವರು ಆಲ್ಬಮ್ ಕೊಟ್ಟ ಮೇಲೂ ಅಳಿಸುವುದಿಲ್ಲ. ಯಾಕೆಂದರೆ ಜವಳದ ಫೋಟೋ ತೆಗೆಸಲು ಅದೇ ಮನೆಯವರು ತಿರುಗಿ ಬರುತ್ತಾರೆ. ಅಷ್ಟರೊಳಗೆ ಹೊಲದ ಬದುವಿನ ಮೇಲೆ ಒಂದು ಜಗಳ ಮುಗಿದಿರುತ್ತದೆ.

"ಅಣ್ಣಾ, ಆ ಆಲ್ಬಮ್‌ದಾಗ ಸ್ಟೇಜ್ ಮ್ಯಾಲ ಬಲಗಡಿ ನಮ್ಮ ಮಾಮಾ ನಿಂತಾನಲ್ರಿ, ಅವನ್ನ ತಗದು ಹೊಸಾ ಹಾಳಿ ಮಾಡಿ ಕೊಡ್ರಿ."

"ಕೊಡ್ತೀನಿ. ತೆಗಿಯೋದಕ್ಕ ಒಂದ್ ರೇಟ್ ಅದ. ರಾಜಿ ಆದ ಮ್ಯಾಲ ತಿರಗಿ ಕೂಡ್ಸೋದಕ್ಕ ಬ್ಯಾರೆ ರೇಟ್. ಎರಡೂ ಈಗೇ ಕೊಟ್ರ ಕಡಿಮಿ ಮಾಡ್ತೀನಿ."