ಗುಲಗಂಜಿ ತೂಕ

ಹೊಸ ನೋಟುಪುಸ್ತಕವೊಂದನ್ನು ಕೊಂಡುತಂದು, ಅದರ ಮೊದಲ ಪುಟದ ನೆತ್ತಿಯ ಮೇಲೆ 'ಶ್ರೀ' ಎಂದು ಬರೆದು ಇಂದಿಗೆ ಹನ್ನೊಂದು ದಿನಗಳಾದುವು. ಆ ಒಂದಕ್ಷರವಲ್ಲದೆ ಬೇರೇನೂ ಆ ಪುಟದಲ್ಲಿ ಅವತರಿಸಿಲ್ಲ, ವಿಚಾರಿಸಿ ನೋಡಿದರೆ ಆ ಅಕ್ಷರವೂ ನನ್ನ ಸ್ವಾರ್ಜಿತವಲ್ಲ. ನಿವೃತ್ತನಾದ ಮೇಲೆ ಒಂದು ಪುಸ್ತಕವನ್ನಾದರೂ ಬರೆಯಬೇಕು, ಬರೆದರೆ ಅನ್ಯರಾರೂ ಮುಟ್ಟದ ವಸ್ತುವನ್ನೇ ಬರೆಯಬೇಕು ಎಂಬ ವ್ರತವನ್ನು ಕೈಕೊಂಡವನ ಗತಿಯಿದು. ಕಪಿಲೆಯನ್ನು ಕುರಿತು ಬರೆಯೋಣವೆಂದರೆ ಸ್ನಾನಘಟ್ಟದ ಒಂದೊಂದು ಮೆಟ್ಟಿಲ ಮೇಲೂ ಒಬ್ಬೊಬ್ಬ ಕವಿ ಕುಳಿತೆದ್ದು ಹೋಗಿದ್ದಾನೆ. ಶ್ರೀಕಂಠೇಶ್ವರನ ದೊಡ್ಡ ಜಾತ್ರೆಯಲ್ಲಿ ಐದು ತೇರುಗಳನ್ನು ಎಳೆದ ಭಕ್ತರಿಗಿಂತ ಅವನ್ನು ವರ್ಣಿಸಿದ ಲೇಖಕರೇ ಹೆಚ್ಚೆಂದು ನನ್ನ ಗುಮಾನಿ. ಇದೇ ನಂಜನಗೂಡಿನ ತಿರುಮಲಾಂಬನವರು, ಎಳೆಯ ವಯಸ್ಸಿನಲ್ಲಿಯೇ ವೈಧವ್ಯವನ್ನು ಕಂಡವರು, 1913ರಲ್ಲಿ 'ಸತೀಹಿತೈಷಿಣೀ' ಗ್ರಂಥಮಾಲೆಯನ್ನು ತೊಡಗಿ ತಾವೇ ಬರೆದು ತಾವೇ ಪ್ರಕಟಿಸಿದರು. ಪಿಂಚಣಿ, ಫ್ಯಾನು, ವೇಳೆಗೆ ಸರಿಯಾಗಿ ಕಾಫಿ ಮೂರೂ ಉಳ್ಳ ನನ್ನ ಸಮಗ್ರ ಸಾಹಿತ್ಯವು ಒಂದು 'ಶ್ರೀ'.

ಪೂರ್ವಸೂರಿಗಳಿಗೆ ಈ ವ್ಯಾಧಿ ಇರಲಿಲ್ಲವೆ? ರಾಮಾಯಣವನ್ನು ಬರೆದ ಕವಿಗಳ ಹೊರೆಗೆ ಆದಿಶೇಷನೇ ನರಳುತ್ತಿದ್ದಾನೆಂದು 15ನೆಯ ಶತಮಾನದ ಕುಮಾರವ್ಯಾಸನು ಆಕ್ಷೇಪಿಸಿ ಭಾರತದ ಕಡೆಗೆ ತಿರುಗಿದನು. ಅಲ್ಲಿ ಪಂಪ ರನ್ನರು ಮೊದಲೇ ಬಂದು ಕುಳಿತಿದ್ದುದು ಆ ಮಹಾನುಭಾವನಿಗೆ ಬಾಧಕವಾಗಿ ತೋರಲಿಲ್ಲ. ಐನೂರು ವರ್ಷಗಳ ತರುವಾಯ, 1949ರಲ್ಲಿ, ಕುವೆಂಪು ಅವರ 'ಶ್ರೀ ರಾಮಾಯಣ ದರ್ಶನಂ' ಹೊರಬಂದಾಗ ಶೇಷನು ಏನೆಂದನೋ! ಸಾಹಿತ್ಯ ಅಕಾಡೆಮಿಯಂತೂ 1955ರಲ್ಲಿ ಪ್ರಶಸ್ತಿಯನ್ನೇ ಕೊಟ್ಟಿತು.

ಈ ಸಮಾಧಾನವನ್ನು ಹೊತ್ತು ಸಂತೆಗೆ ಹೋದವನು, ರಸಬಾಳೆಯ ಚಿಪ್ಪೊಂದನ್ನು ಹಿಡಿದು, ಇದರ ಬೀಜವೆಲ್ಲಿ ಸಿಗುತ್ತದೆಂದು ಮಾರುವವನನ್ನು ಕೇಳಿಬಿಟ್ಟೆನು. ಅವನು ನಕ್ಕು, "ಬೀಜ ಎಲ್ಲದೆ ಸ್ವಾಮಿ? ತಾಯಿ ಬುಡದಲ್ಲಿ ಬರೋ ಕಂದನ್ನೇ ಕಿತ್ತು ನೆಡೋದು. ನಮ್ಮಜ್ಜ ನೆಟ್ಟದ್ದೂ ಇದೇಯ" ಎಂದನು. ನನಗೆ ರೋಮಾಂಚನವಾಯಿತು. ತಲೆಮಾರುಗಳಿಂದ ಬರಿಯ ಪ್ರತಿಯ ಪ್ರತಿಯಾಗಿ ಬಂದ ಹಣ್ಣು, ಆದರೂ ಈ ಸೀಮೆಯ ಮಣ್ಣು ಬಿಟ್ಟರೆ ಬೇರೆಲ್ಲಿಯೂ ಆ ರುಚಿ ಬಾರದೆಂಬ ಖ್ಯಾತಿ! ಮಣ್ಣೇ ಸ್ವಂತಿಕೆ ಎಂದು ಉದ್ಗರಿಸುವಷ್ಟರಲ್ಲಿ ಆ ಪುಣ್ಯಾತ್ಮನು ಮುಂದುವರಿಸಿದನು: "ಎಲ್ಲ ಒಂದೇ ವಂಶ ನೋಡಿ, ಸೊರಗು ರೋಗ ಒಂದಕ್ಕೆ ಬಂದ್ರೆ ಎಲ್ಲಕ್ಕೂ ಬತ್ತದೆ. ತೋಟಕ್ಕೆ ತೋಟಾನೇ ಹೋದವು." ಪನಾಮಾ ಸೊರಗು ರೋಗದಿಂದ ಈ ತಳಿ ನಶಿಸುವ ಅಂಚಿಗೆ ಬಂದುದು ನಾನು ಅರಿಯದ ಸಂಗತಿಯಲ್ಲ, ಉತ್ಸಾಹದಲ್ಲಿ ಮರೆತಿದ್ದೆನು. ಚಿಪ್ಪಿಗೆ ಹಣ ತೆತ್ತು, ವ್ರತವನ್ನು ಪುನಃ ಧರಿಸಿ ಮನೆಗೆ ಬಂದೆನು.

ಮರುದಿನ ಕಾರ್ಯನಿಮಿತ್ತವಾಗಿ ನರಸೀಪುರಕ್ಕೆ ಹೋಗಬೇಕಾಯಿತು. ನಮ್ಮೂರಿಗೆ 'ದಕ್ಷಿಣ ಕಾಶಿ' ಎಂದು ಹೆಸರು. ಅಂದರೆ ಬಿರುದೇ ಎರವಲು. ಕಪಿಲೆ ಕಾವೇರಿಯನ್ನು ಕೂಡುವ ಆ ಊರಿನವರಾದರೋ ಹಾಗಲ್ಲ. ಅಲ್ಲಿಯ ಗುಂಜಾ ನರಸಿಂಹಸ್ವಾಮಿಯ ಕೈಯಲ್ಲಿ ಗುಲಗಂಜಿಯಿದೆ. ಈ ಕ್ಷೇತ್ರವು ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚೆಂಬುದು ಅದರ ಅರ್ಥವಂತೆ. ಎಷ್ಟು ಸಭ್ಯವಾದ ಹೆಮ್ಮೆ! ಮೂಟೆಯಲ್ಲ, ಮಣವಲ್ಲ, ಅಕ್ಕಸಾಲಿಗನ ತಕ್ಕಡಿಯಲ್ಲಿ ಮಾತ್ರ ಕಾಣುವ ಆಧಿಕ್ಯ. ನನಗೂ ಅಷ್ಟು ದಕ್ಕಿದರೆ ಸಾಕೆಂದು ಕೈಮುಗಿದು, ಸಂಜೆಯ ಬಸ್ಸು ಹಿಡಿದೆನು.

ಮನೆಯಲ್ಲಿ ನೋಟುಪುಸ್ತಕವನ್ನು ನನ್ನಾಕೆಯ ಮುಂದಿಟ್ಟು, ಇದರಲ್ಲಿ ಗುಲಗಂಜಿಯಷ್ಟಾದರೂ ನನ್ನದೆಂಬುದು ಕಾಣುತ್ತದೆಯೆ ಎಂದು ಕೇಳಿದೆನು. ಆಕೆ ಕನ್ನಡಕವನ್ನೇರಿಸಿ, ಇದ್ದ ಒಂದಕ್ಷರವನ್ನೇ ಬಹಳ ಹೊತ್ತು ಪರಾಮರ್ಶಿಸಿ, "ಏನೂಂದ್ರೆ, ಶ್ರೀಗೆ ರ-ಒತ್ತನ್ನ ಹೀಗೆ ಹಲ್ಲಿಬಾಲದ ಹಾಗೆ ಎಳೆದದ್ದನ್ನ ನಾನು ಎಲ್ಲೂ ನೋಡಿಲ್ಲ. ಇದು ಮಾತ್ರ ನಿಮ್ಮದೇ" ಎಂದಳು.

ಬಾಲವನ್ನು ತಿದ್ದದೆ ಎರಡನೆಯ ಸಾಲಿಗೆ ಇಳಿದೆನು.