ವಿಮರ್ಶಕ ಲಕ್ಷಣ: ರಾಮಕೃಷ್ಣನಗರದ ಪಾಠ

ಗ್ರಂಥಾರಂಭದಲ್ಲಿ ವಿಘ್ನೇಶ್ವರನನ್ನು ನೆನೆಯುವುದು ವಾಡಿಕೆ. ಸಂಗೀತ ವಿಮರ್ಶಕನ ವಿಘ್ನಗಳೆಲ್ಲ ಉಪಸಂಪಾದಕರ ಕೈಯಲ್ಲಿರುವುದರಿಂದ ಮೊದಲ ನಮಸ್ಕಾರ ಅವರಿಗೇ ಸಲ್ಲುತ್ತದೆ.

13ನೆಯ ಶತಮಾನದಲ್ಲಿ ದೇವಗಿರಿಯ ಸೇವುಣರ ಆಸ್ಥಾನದಲ್ಲಿದ್ದ ಶಾರ್ಙ್ಗದೇವ ‘ಸಂಗೀತ ರತ್ನಾಕರ’ದಲ್ಲಿ ಗಾಯಕರ 25 ದೋಷಗಳನ್ನು ಹೇಳಿದ್ದಾನೆ. ವಿಮರ್ಶಕರ ದೋಷ ಒಂದನ್ನೂ ಹೇಳಿಲ್ಲ. ನಮ್ಮ ಬಳಗ ಅಂದಿನಿಂದಲೂ ಹಿಗ್ಗಿಕೊಂಡೇ ಇದೆ. ಈ ಹಿಗ್ಗಿಗೆ ಪಾಠಾಂತರದ ಗೊಂದಲವೇ ಕಾರಣ, ಆ ಪಟ್ಟಿ ನಿಜವಾಗಿ ನಮ್ಮದೇ ಎಂದು ಸಾಧಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ. ಕ್ಷೇತ್ರಕಾರ್ಯ ನಡೆದದ್ದು ಮೈಸೂರಿನ ರಾಮಕೃಷ್ಣನಗರದ ಒಂದು ಬಾಡಿಗೆ ಮನೆಯ ಮಹಡಿಯಲ್ಲಿ. ಪರಿಕರಗಳು: ಸ್ಕೂಟರು, ನೋಟ್‌ಬುಕ್ಕು, ಒಂದು ಕಿವಿ. ಇನ್ನೊಂದು ಕಿವಿ ಮೊಬೈಲಿಗೆ ಮೀಸಲು.

ಮೊದಲು ಪದವಿಚಾರ. ಕನ್ನಡದಲ್ಲಿ ಕಡತ ಇಡುವ ಜಾಗಕ್ಕೂ ಕಛೇರಿ ಎನ್ನುತ್ತಾರೆ, ಕೀರ್ತನೆ ಹಾಡುವ ಸಭೆಗೂ ಕಛೇರಿ ಎನ್ನುತ್ತಾರೆ. ಕೋಶಕಾರರು ಇದನ್ನು ನಾನಾರ್ಥವೆಂದು ಕೈಬಿಟ್ಟಿದ್ದಾರೆ. ನಮ್ಮ ಮತದಲ್ಲಿ ಇದು ಒಂದು ವೃತ್ತಿಯ ಪೂರ್ಣ ವ್ಯಾಖ್ಯಾನ: ಐದೂವರೆತನಕ ಮೊದಲನೆಯದರಲ್ಲಿ ದುಡಿದು, ಆರೂಕಾಲಿಗೆ ಎರಡನೆಯದರಲ್ಲಿ ತೂಕಡಿಸುವ ಜೀವಿಯೇ ಸಂಗೀತ ವಿಮರ್ಶಕ. ಮೊದಲನೆಯದು ಎರಡನೆಯದನ್ನು ಸಾಕುತ್ತದೆ. ಬಂದ ಗೌರವಧನ ಪೆಟ್ರೋಲಿಗೆ ಸರಿಹೋದರೆ ಅದು ಪಕ್ಕದ ಕುವೆಂಪುನಗರದ ವೀಣೆ ಶೇಷಣ್ಣ ಭವನದ ಕಛೇರಿ ಎಂದು ತಿಳಿಯಬೇಕು. ವಾಣಿವಿಲಾಸ ಮೊಹಲ್ಲಾದ ಎಂಟನೇ ಕ್ರಾಸಿನ ಗಣಪತಿ ಪೆಂಡಾಲಾದರೆ ಕೈಯಿಂದಲೇ ಬಿತ್ತು. ಇದಕ್ಕೂ ಪೂರ್ವಪ್ರಮಾಣ ಉಂಟು. ಶಾರ್ಙ್ಗದೇವನ ಬಿರುದು ಶ್ರೀಕರಣಾಗ್ರಣಿ, ಅಂದರೆ ರಾಜ್ಯದ ಲೆಕ್ಕಪತ್ರದ ಮುಖ್ಯಸ್ಥ. ಸಂಗೀತದ ಮೇಲೆ ಬರೆದು ಹೊಟ್ಟೆ ಹೊರೆಯಬಹುದೆಂಬ ಭ್ರಮೆ ಅವನಿಗೂ ಇರಲಿಲ್ಲ.

ಇಲ್ಲಿ ಪೂರ್ವಪಕ್ಷಿ ಎದ್ದು ನಿಲ್ಲುತ್ತಾನೆ: ಮೈಸೂರು ವಾಸುದೇವಾಚಾರ್ಯರು ‘ನಾ ಕಂಡ ಕಲಾವಿದರು’ ಬರೆಯಲಿಲ್ಲವೇ? ಬರೆದರು. ಆದರೆ ಅವರು ಆಸ್ಥಾನ ವಿದ್ವಾಂಸರು. ಹಾಡಲು ಬಲ್ಲವರು ಹಾಡುವವರ ಬಗ್ಗೆ ಬರೆದರೆ ಅದು ಸಾಹಿತ್ಯ. ಹಾಡಲು ಬಾರದವನು ಬರೆದರೆ ಮಾತ್ರ ವಿಮರ್ಶೆ. ಪೂರ್ವಪಕ್ಷಿ ಕೂರುತ್ತಾನೆ.

ಉಪಾಯ ಬಲ್ಲ ವಿಮರ್ಶಕರು ಗುಪ್ತನಾಮ ಇಟ್ಟುಕೊಂಡರು. ಲಂಡನ್ನಿನಲ್ಲಿ ಬರ್ನಾರ್ಡ್ ಷಾ ‘ಕಾರ್ನೊ ಡಿ ಬಸೆಟ್ಟೊ’ ಆದ, ಮದರಾಸಿನಲ್ಲಿ ಕಲ್ಕಿ ‘ಕರ್ನಾಟಕಂ’ ಆದರು. ಮೈಸೂರಿನಲ್ಲಿ ಈ ಉಪಾಯ ನಡೆಯದು. ಒಂದು ದಿನಪತ್ರಿಕೆಯ ಹೆಸರನ್ನೇ ಹೊತ್ತ ನಮ್ಮ ಆಂದೋಲನ ವೃತ್ತದಲ್ಲಿ ಕೊತ್ತಂಬರಿ ಸೊಪ್ಪು ಕೊಳ್ಳುವಾಗಲೇ ಸಿಕ್ಕಿಬೀಳುತ್ತೇವೆ: “ಏನ್ ಸಾರ್, ನಮ್ಮುಡುಗಿ ಕಾಂಬೋಜಿಗೆ ಒಂದೇ ಸಾಲಾ?”

ಈಗ ಸಿದ್ಧಾಂತ. ಹಲ್ಲು ಕಚ್ಚಿಕೊಂಡು ಹಾಡುವವನು ‘ಸಂದಷ್ಟ’ ಎನ್ನುತ್ತದೆ ಗ್ರಂಥ. ಸಭೆಯ ಕಾರ್ಯದರ್ಶಿಯ ಸೊಸೆಯ ಕಛೇರಿಗೆ ಮೂರು ಕಾಲಂ ಬರೆಯುವಾಗ ನನ್ನ ದವಡೆ ಹೇಗಿತ್ತೆಂದು ನನ್ನ ಹೆಂಡತಿ ನೋಡಿದ್ದಾಳೆ. ‘ಭೀತ’ನೂ ಇಲ್ಲೇ ಸೇರಿದ. ಬಾಯಿ ಅಗಲಿಸುವ ‘ಕರಾಲಿ’ ಯಾರೆಂದು ತಿಳಿಯಲು ಎಂಟೂವರೆಗೆ ಮೊದಲ ಸಾಲಿನತ್ತ ತಿರುಗಿದರೆ ಸಾಕು. ಗಾಯಕ ಕಣ್ಣು ಮುಚ್ಚಿದರೆ ‘ನಿಮೀಲಕ’ ಎಂಬ ದೋಷ. ವಿಮರ್ಶಕ ಮುಚ್ಚಿದರೆ ತನ್ಮಯತೆ ಎನ್ನುತ್ತಾರೆ, ಗೊರಕೆ ಕೇಳಿಸುವವರೆಗೆ. ಇನ್ನು ರಾಗ ಬೆರೆಸುವ ‘ಮಿಶ್ರಕ’. ಆಭೋಗಿಗೆ ನಿಷಾದವಿಲ್ಲ, ಶ್ರೀರಂಜನಿಗೆ ಇದೆ. ನಿಷಾದ ಬರುವ ಹೊತ್ತಿಗೆ ಸರಿಯಾಗಿ ನನ್ನ ಮೊಬೈಲು ಅದುರಿತು. ಶ್ರೀರಂಜನಿ ಮಾರನೆಯ ದಿನ ಆಭೋಗಿಯಾಗಿ ಅಚ್ಚಾಯಿತು. ಉಳಿದ ಇಪ್ಪತ್ತನ್ನು ಓದುಗರು ತಮಗೆ ಗೊತ್ತಿರುವ ವಿಮರ್ಶಕರಿಗೆ ಹೊಂದಿಸಿಕೊಳ್ಳಲಿ.

ವೆಂಕಟಮಖಿ ಹನ್ನೆರಡು ಸ್ವರಸ್ಥಾನಗಳಿಂದ 72 ಮೇಳ ತೆಗೆದ. ನಾವು ನಾಲ್ಕು ಮಾತಿನಿಂದ ಇಡೀ ಉತ್ಸವ ತೆಗೆಯುತ್ತೇವೆ. ‘ವಿದ್ವತ್ಪೂರ್ಣ’ ಎಂದರೆ ನಿದ್ದೆ ಬಂತು. ‘ಭರವಸೆ ಮೂಡಿಸಿದರು’ ಎಂದರೆ ಮುಂದೊಂದು ದಿನ ಶ್ರುತಿ ಸೇರಬಹುದು. ‘ಹಿತಮಿತವಾಗಿ ಸಹಕರಿಸಿದರು’ ಎಂದರೆ ಮೃದಂಗದ ಮೈಕು ಕೆಟ್ಟಿತ್ತು. ‘ಕಿಕ್ಕಿರಿದ ಸಭೆ’ ಎಂದರೆ ಆಮೇಲೆ ಊಟವಿತ್ತು.

ಕೊನೆಯದಾಗಿ ಅನುಭವಪ್ರಮಾಣ. ಡೆಡ್‌ಲೈನು ಸದಾ ರಾಗ ತಾನ ಪಲ್ಲವಿಗಿಂತ ಒಂದು ಆವರ್ತ ಮುಂದಿರುತ್ತದೆ. ಹೀಗಾಗಿ ಒಮ್ಮೆ ತಾಳವಾದ್ಯಗಳ ತನಿಗೆ ಮೊದಲೇ ಎದ್ದು ಬಂದು, ನುಡಿಸಿಯೇ ನುಡಿಸುತ್ತಾರೆ ಎಂಬ ನಂಬಿಕೆಯಿಂದ “ತನಿ ಆವರ್ತನ ಸೊಗಸಾಗಿತ್ತು” ಎಂದು ಬರೆದು ಕಳಿಸಿದೆ. ಬೆಳಗ್ಗೆ ಪತ್ರಿಕೆಯಲ್ಲಿ “ತನಿ ಅವರ ವರ್ತನೆ ಸೊಗಸಾಗಿತ್ತು” ಎಂದಿತ್ತು. ಊರಿಡೀ ಓದಿ ಸುಮ್ಮನಿತ್ತು, ಅಥವಾ ಓದಿರಲಿಲ್ಲ. ಆರು ಗಂಟೆಗೆ ಒಂದೇ ಒಂದು ಫೋನು ಬಂತು, ಘಟ ನುಡಿಸಿದವರಿಂದ.

“ನಮಸ್ಕಾರ ಸಾರ್. ಈ ತನಿ ಅನ್ನೋರು ಯಾರು? ಅಲ್ಲಿ ನುಡಿಸಿದ್ದು ನಾನು.”

ತಪ್ಪಾಯಿತು ಎಂದೆ. ಅವರು ಬಹಳ ಹೊತ್ತು ಸುಮ್ಮನಿದ್ದರು.

“ಹೋಗ್ಲಿ ಬಿಡಿ ಸಾರ್. ಗಣಪತಿ ಹಬ್ಬಕ್ಕೆ ಎಂಟನೇ ಕ್ರಾಸಲ್ಲಿ ನಂದಿದೆ. ಕೊನೇ ತನಕ ಇರಬೇಕು ನೀವು.”

ಸ್ಕೂಟರಿಗೆ ಪೆಟ್ರೋಲು ಹಾಕಿಸಿಟ್ಟಿದ್ದೇನೆ.