ಮಧ್ಯಂತರ

ಭ್ರಷ್ಟಾಚಾರದ ಮೇಲೊಂದು ನಗೆಚಿತ್ರದ ಕಥೆ ಹೊಸೆದು, ದಾವಣಗೆರೆಯ ಖಾರಮಂಡಕ್ಕಿ ಗಾಡಿಯ ಮುಂದೆ ಗೆಳೆಯನ ಕಿವಿಗೆ ಹಾಕಿದೆ. ಸೋಪು ಮಾಡುವ ಸರ್ಕಾರಿ ಕಂಪನಿ. ಅದಕ್ಕೆ ನಮ್ಮ ಜಿಲ್ಲೆಯ ಶಾಸಕರೇ ಅಧ್ಯಕ್ಷರು. ಬೆಂಗಳೂರಿನ ಕಚೇರಿಯಲ್ಲಿ 40 ಲಕ್ಷ ಲಂಚ ತಗೊಂಡನೆಂದು ಅವರ ಮಗನನ್ನು ಲೋಕಾಯುಕ್ತ ಪೊಲೀಸರು ಹಿಡಿಯುತ್ತಾರೆ. ಮನೆ ಜಾಲಾಡಿದರೆ ಇನ್ನೂ 6 ಕೋಟಿ. ಶಾಸಕರು ತಣ್ಣಗೆ, ನಮ್ಮದು ಅಡಿಕೆ ಸೀಮೆ, ಮನೆಯಲ್ಲಿ ಇಷ್ಟು ದುಡ್ಡು ಇರೋದೇ ಅನ್ನುತ್ತಾರೆ.

ಗೆಳೆಯ ಮಿರ್ಚಿ ಮುರಿಯುತ್ತಾ, "ಇದು ಕಥಿ ಅಲ್ಲಪಾ, ಪೇಪರ್ರು. 2023ರ ಮಾರ್ಚ್ ತಿಂಗಳದ್ದು" ಅಂದ.

ಹೌದಲ್ಲ! ಚನ್ನಗಿರಿಯ ಮಾಡಾಳ್ ವಿರೂಪಾಕ್ಷಪ್ಪನವರು ಆಗ ಮೈಸೂರು ಸ್ಯಾಂಡಲ್ ಸೋಪಿನ ಕಂಪನಿಯ ಅಧ್ಯಕ್ಷರು. ಜಾಮೀನು ಸಿಕ್ಕಿದ್ದೇ ತಡ ಊರಲ್ಲಿ ಹೂವು, ಪಟಾಕಿ, ಮೆರವಣಿಗೆ. ತಿಂಗಳ ಕೊನೆಗೆ ಬಂಧನ. ಡಿಸೆಂಬರಿನಲ್ಲಿ ಹೈಕೋರ್ಟು ಅವರ ಮೇಲಿನ ಪ್ರಕರಣವನ್ನೇ ರದ್ದು ಮಾಡಿತು. ಸಿನಿಮಾದಲ್ಲಿ ಮೆರವಣಿಗೆ ಬರುವುದು ಕ್ಲೈಮ್ಯಾಕ್ಸಿಗೆ. ಇಲ್ಲಿ ಇಂಟರ್ವಲ್ಲಿಗೇ ಬಂದುಬಿಟ್ಟಿತು. ಆ ಜಾಮೀನಿನ ಹೆಸರೂ ಮಧ್ಯಂತರವೇ ನೋಡಿ.

2018ರಲ್ಲಿ ‘ಹಂಬಲ್ ಪೊಲಿಟಿಶಿಯನ್ ನೊಗ್‌ರಾಜ್’ ಬಂದಾಗ ಹೊಟ್ಟೆ ಹಿಡಿದು ನಕ್ಕಿದ್ದೆವು. ಎಂಎಲ್‌ಎ ಆಗಬೇಕೆಂದು ಒದ್ದಾಡುವ ಕಾರ್ಪೊರೇಟರ್, ದಾನಿಶ್ ಸೇಠ್. ಪಾಪ, ಬೆಂಗಳೂರಿನವನು. ನಮ್ಮಲ್ಲಾದರೆ ಟಿಕೆಟ್ಟು ಮನೆಯ ವಿಳಾಸ ತಪ್ಪುವುದಿಲ್ಲ. 1998, 1999ರ ಲೋಕಸಭೆಗೆ ಶಾಮನೂರು ಶಿವಶಂಕರಪ್ಪ, ಜಿ. ಮಲ್ಲಿಕಾರ್ಜುನಪ್ಪ ಎದುರಾಳಿಗಳು, ಆಮೇಲೆ ಮೂರು ಚುನಾವಣೆ ಅವರ ಮಕ್ಕಳು, 2024ರಲ್ಲಿ ಸೊಸೆಯಂದಿರು. ಪ್ರಭಾ ಮಲ್ಲಿಕಾರ್ಜುನ್ ಗೆದ್ದರು, ಗಾಯತ್ರಿ ಸಿದ್ದೇಶ್ವರ ಸೋತರು. ಮತದಾರನದು ಮಾತ್ರ ಇಪ್ಪತ್ತೈದು ವರ್ಷದಿಂದ ಅದೇ ಪಾತ್ರ. ಸಂಭಾಷಣೆ ಇಲ್ಲ, ಬೆರಳಿಗೆ ಮೇಕಪ್ ಉಂಟು.

"ಹೋಗ್ಲಿ, ಪೌರಾಣಿಕ ಮಾಡೋಣ" ಅಂದೆ. ಹರಿಹರ ಹತ್ತಿರವೇ ಇದೆ, ಸೆಟ್ಟಿನ ಖರ್ಚಿಲ್ಲ. ಹೊಯ್ಸಳರ ಕಾಲದ ಗುಡಿ, ಮಗ್ಗುಲಲ್ಲೇ ತುಂಗಭದ್ರೆ. ಹರಿಯಿಂದಲೂ ಹರನಿಂದಲೂ ಸಾವು ಬಾರದಂತೆ ಗುಹಾಸುರ ವರ ಪಡೆದ. ಇಬ್ಬರೂ ಒಂದೇ ಮೈಯಾಗಿ ಬಂದು ಕೊಂದರು.

"ನಿನ್ನ ವಿಲನ್ ಈಗ ತಪಸ್ಸು ಯಾಕ್ ಮಾಡ್ತಾನೋ? ಎರಡೂ ಪಾರ್ಟಿ ಶಾಲು ಕಾರಿನಾಗ ಇಟ್ಕೊಂಡಿರ್ತಾನ" ಅಂದ ಗೆಳೆಯ.

"ಮತ್ತೆ ಕ್ಲೈಮ್ಯಾಕ್ಸು?"

"ದೇವರಿಬ್ರೂ ಬಂದು ಹಾರ ಹಾಕ್ತಾರ."

ಅಷ್ಟರಲ್ಲಿ ಗಾಡಿಯವನು ಮನೆಗೆಂದು ಹೇಳಿದ್ದ ಮಿರ್ಚಿಯನ್ನು ಹಳೇ ಪೇಪರಿನಲ್ಲಿ ಸುತ್ತಿ ಕೊಟ್ಟ. ಪೇಪರಿನಲ್ಲೊಂದು ಮೆರವಣಿಗೆಯ ಫೋಟೊ. ತೆರೆದ ಜೀಪು, ಹಾರ, ಮುಗಿದ ಕೈ. ಮುಖದ ಮೇಲೆ ಎಣ್ಣೆ ಇಳಿದು ಯಾರೆಂದು ಗುರುತು ಹತ್ತಲಿಲ್ಲ.